ಫಿಯಮ್ಮೆತ್ತಾ: ಇಟಲಿಯ ಈ ಹೆಸರು ಎಲ್ಲಿಂದ ಬಂತು, ಏಕೆ ಇಷ್ಟು ವಿರಳವಾಗಿ ಉಳಿಯಿತು?

ಹೊಳೆಸಾಲು (ಚರ್ಚೆ ಆರಂಭಿಸಿದವರು)

ಹದಿನಾಲ್ಕನೆಯ ಶತಮಾನದ ಇಟಾಲಿಯನ್ ಲೇಖಕ ಬೊಕ್ಕಾಚಿಯೊನ ‘ದೆಕಾಮೆರೋನ್’ ಎಂಬ ಕಥಾಸಂಕಲನದ ಕೆಲವು ಕಥೆಗಳನ್ನು ಇಟಾಲಿಯನ್ ಮೂಲದಿಂದಲೇ ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದೇನೆ. ಅದರಲ್ಲಿ ಕಥೆ ಹೇಳುವ ಏಳು ಮಂದಿ ತರುಣಿಯರೆಂದರೆ ಪಂಪಿನೇಯಾ, ಫಿಯಮ್ಮೆತ್ತಾ, ಫಿಲೊಮೇನಾ, ಎಮೀಲಿಯಾ, ಲೌರೆತ್ತಾ, ನೆಯೀಫಿಲೆ ಮತ್ತು ಎಲಿಸ್ಸಾ. ಇವರಲ್ಲಿ ಎಮೀಲಿಯಾ, ಫಿಲೊಮೇನಾ ಎಂಬ ಹೆಸರಿನವರು ನಾನಿರುವ ತೊರೀನೊ ನಗರದಲ್ಲಿ ಸುಲಭವಾಗಿ ಸಿಗುತ್ತಾರೆ. ಪಂಪಿನೇಯಾ ಎಂದು ಇಂದು ಯಾರೂ ಮಗುವಿಗೆ ಹೆಸರಿಡುವಂತೆ ಕಾಣುವುದಿಲ್ಲ. ಫಿಯಮ್ಮೆತ್ತಾ ಮಾತ್ರ ಇವೆರಡರ ನಡುವೆ ನಿಂತಿದೆ. ಹೆಸರು ಹೇಳಿದರೆ ಎಲ್ಲರಿಗೂ ಪರಿಚಿತ, ಆದರೆ ಆ ಹೆಸರಿನವರನ್ನು ಬಲ್ಲವರು ವಿರಳ.

ಈ ಹೆಸರು ಬೊಕ್ಕಾಚಿಯೊಗಿಂತ ಮುಂಚೆ ಹೆಸರಾಗಿ ಬಳಕೆಯಲ್ಲಿತ್ತೇ ಅಥವಾ ಅವನೇ ಕಟ್ಟಿದ್ದೇ, ಆರುನೂರು ವರ್ಷಗಳಿಗೂ ಮೀರಿ ಪ್ರಸಿದ್ಧವಾಗಿದ್ದೂ ಇದು ಜನಪ್ರಿಯವಾಗದಿರಲು ಕಾರಣವೇನು, ಕನ್ನಡದಲ್ಲಿ ಇದನ್ನು ಹೇಗೆ ಬರೆಯುವುದು ಸರಿ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ವ್ಯಾಕರಣಪ್ರಿಯ

ನಿಷ್ಪತ್ತಿಯ ಮಟ್ಟಿಗೆ ಗೊಂದಲವೇನೂ ಇಲ್ಲ. ಲ್ಯಾಟಿನ್‌ನ ‘ಫ್ಲಮ್ಮಾ’, ಅಂದರೆ ಜ್ವಾಲೆ, ಇಟಾಲಿಯನ್‌ನಲ್ಲಿ ‘ಫಿಯಮ್ಮಾ’ ಆಯಿತು. ಪದದ ಮೊದಲಲ್ಲಿ ವ್ಯಂಜನದ ಜೊತೆ ಬರುವ ಲಕಾರವು ಯಕಾರವಾಗಿ ಮಾರ್ಪಡುವುದು ಆ ಭಾಷೆಯ ವ್ಯಾಪಕ ನಿಯಮ. ‘ಫ್ಲೂಮೆನ್’ (ನದಿ) ‘ಫಿಯೂಮೆ’ ಆದದ್ದು, ‘ಪ್ಲೇನುಸ್’ (ತುಂಬಿದ) ‘ಪಿಯೇನೊ’ ಆದದ್ದು, ‘ಕ್ಲಾರಾ’ ಎಂಬ ಹೆಸರು ‘ಕಿಯಾರಾ’ ಆದದ್ದು ಎಲ್ಲವೂ ಇದೇ ದಾರಿಯಲ್ಲಿ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆದಷ್ಟೇ ಕ್ರಮಬದ್ಧವಾದ ಬದಲಾವಣೆ ಇದು. ಅದಕ್ಕೆ ‘ಎತ್ತಾ’ ಎಂಬ ಅಲ್ಪಾರ್ಥಕ ಪ್ರತ್ಯಯ ಸೇರಿ ‘ಫಿಯಮ್ಮೆತ್ತಾ’, ಅಂದರೆ ಪುಟ್ಟ ಜ್ವಾಲೆ.

ಒಂದು ಎಚ್ಚರಿಕೆಯ ಮಾತು: ‘ಎತ್ತಾ’ ಎಂದು ಕೊನೆಗೊಳ್ಳುವ ಹೆಸರುಗಳೆಲ್ಲ ಅಲ್ಪಾರ್ಥಕಗಳಲ್ಲ. ‘ಎಲಿಸಬೆತ್ತಾ’ ಹೀಬ್ರೂ ಮೂಲದ ಹೆಸರಿನ ಇಟಾಲಿಯನ್ ರೂಪವಷ್ಟೇ. ಅಲ್ಲಿ ಪ್ರತ್ಯಯವೇ ಇಲ್ಲ.

ಹೆಸರಾಗುವ ಮೊದಲು ಇದು ಸಾಮಾನ್ಯ ನಾಮಪದವಾಗಿತ್ತು ಎಂಬುದಕ್ಕೆ ಬೊಕ್ಕಾಚಿಯೊಗಿಂತ ಹಿಂದಿನ ಕವಿ ದಾಂತೆಯೇ ಸಾಕ್ಷಿ. ನರಕಯಾತ್ರೆಯನ್ನು ಹೇಳುವ ಅವನ ಕಾವ್ಯ ‘ಇನ್‌ಫೆರ್ನೊ’ದ ಎಂಟನೆಯ ಸರ್ಗದ ಆರಂಭದಲ್ಲಿ, ಎತ್ತರದ ಗೋಪುರದ ತುದಿಯಲ್ಲಿ ಸಂಕೇತಕ್ಕಾಗಿ ಇರಿಸಿದ ಎರಡು ಪುಟ್ಟ ಜ್ವಾಲೆಗಳನ್ನು ಅವನು ‘ದೂಯೆ ಫಿಯಮ್ಮೆತ್ತೆ’ ಎನ್ನುತ್ತಾನೆ. ಅಲ್ಲಿ ಪ್ರೇಮದ ಸುಳಿವೇ ಇಲ್ಲ. ಅದು ನರಕದ ಕಾವಲುಗಾರರ ಬೆಂಕಿ.

ಬೊಲೋನ್ಯಾದಿಂದ

ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮಧ್ಯಯುಗದ ಸಾಹಿತ್ಯವನ್ನು ಓದುತ್ತಿರುವುದರಿಂದ ಮೊದಲ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ಫಿಯಮ್ಮೆತ್ತಾ ಆರಂಭದಲ್ಲಿ ನಾಮಕರಣದ ಹೆಸರೇ ಅಲ್ಲ, ಒಂದು ಮುಸುಕು. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ನ ತ್ರುಬದೂರ್ ಎಂಬ ಪ್ರೇಮಕವಿಗಳು ತಾವು ಹಾಡುತ್ತಿದ್ದ ಮಹಿಳೆಯ ನಿಜನಾಮವನ್ನು ಮರೆಮಾಚಿ ಒಂದು ಸಂಕೇತನಾಮವನ್ನು ಬಳಸುತ್ತಿದ್ದರು. ಅದನ್ನು ‘ಸೆನ್ಯಾಲ್’ ಎನ್ನುತ್ತಾರೆ. ಆ ರೂಢಿ ಟಸ್ಕನಿಯ ಕವಿಗಳಿಗೂ ಬಂತು. ಗ್ವೀದೊ ಕವಾಲ್ಕಾಂತಿಯ ಪ್ರೇಯಸಿ ಜೊವಾನ್ನಾಳನ್ನು ‘ಪ್ರಿಮವೇರಾ’ (ವಸಂತ) ಎಂದು ಕರೆಯುತ್ತಿದ್ದುದನ್ನು ದಾಂತೆಯೇ ದಾಖಲಿಸಿದ್ದಾನೆ. ಬೊಕ್ಕಾಚಿಯೊ (1313–1375) ಈ ಪರಂಪರೆಯ ಉತ್ತರಾಧಿಕಾರಿ.

ಅವನು ಎಳೆಯ ವಯಸ್ಸಿನಲ್ಲಿ ತಂದೆಯೊಡನೆ ನೇಪಲ್ಸ್‌ಗೆ ಹೋಗಿ, ಬಾರ್ದಿ ಎಂಬ ಬ್ಯಾಂಕರ್ ಮನೆತನದ ವಹಿವಾಟಿನ ಕೆಲಸ ಕಲಿಯುತ್ತ, ರಾಬರ್ಟ್ ದೊರೆಯ ಆಸ್ಥಾನದ ವೈಭವವನ್ನು ಕಣ್ಣಾರೆ ಕಂಡು ಬೆಳೆದವನು. ಅಲ್ಲಿ ಬರೆದ ‘ಫಿಲೊಕೊಲೊ’ ಎಂಬ ಗದ್ಯಕಥೆಯ ಆರಂಭದಲ್ಲಿ, ಈಸ್ಟರ್‌ನ ಹಿಂದಿನ ಶನಿವಾರ ಸಾನ್ ಲೊರೆನ್ಸೊ ಚರ್ಚಿನಲ್ಲಿ ಒಬ್ಬ ಮಹಿಳೆಯನ್ನು ಕಂಡು ಮನಸೋತ ಪ್ರಸಂಗವಿದೆ. ಅದೇ ಕೃತಿಯ ನಾಲ್ಕನೆಯ ಭಾಗದಲ್ಲಿ ಹದಿಮೂರು ಪ್ರೇಮಪ್ರಶ್ನೆಗಳಿಗೆ ತೀರ್ಪು ನೀಡುವ ರಾಣಿಯಾಗಿ ಫಿಯಮ್ಮೆತ್ತಾ ಕಾಣಿಸಿಕೊಳ್ಳುತ್ತಾಳೆ. ಆಕೆಯ ಪರಿಚಯ ಹೀಗಿದೆ: ನಮ್ಮ ನಡುವೆ ಈಕೆಯ ಹೆಸರು ಫಿಯಮ್ಮೆತ್ತಾ, ಆದರೆ ಹೆಚ್ಚಿನ ಜನ ಈಕೆಯನ್ನು ಕರೆಯುವುದು ಆದಿಮಾತೆ ತೆರೆದ ಗಾಯವನ್ನು ಮುಚ್ಚಿದವಳ ಹೆಸರಿನಿಂದ. ಅಂದರೆ ಮರಿಯಾ. ಆ ಹೆಸರನ್ನೂ ಅವನು ಬಾಯಿಬಿಟ್ಟು ಹೇಳುವುದಿಲ್ಲ, ಬಳಸುಮಾತಿನಲ್ಲಿ ಸೂಚಿಸುತ್ತಾನೆ.

ಈ ಸುಳಿವನ್ನೇ ಹಿಡಿದು ಮುಂದಿನ ಜೀವನಚರಿತ್ರಕಾರರು ಮರಿಯಾ ದಕ್ವೀನೊ ಎಂಬ ವ್ಯಕ್ತಿಯನ್ನು ಕಟ್ಟಿದರು. ಆಕೆ ರಾಬರ್ಟ್ ದೊರೆಗೆ ವಿವಾಹಬಾಹಿರವಾಗಿ ಹುಟ್ಟಿದ ಮಗಳು, ಗಂಡನಿದ್ದೂ ಬೊಕ್ಕಾಚಿಯೊನನ್ನು ಪ್ರೀತಿಸಿ ನಂತರ ತೊರೆದವಳು ಎಂಬ ಕಥೆ ಶತಮಾನಗಳ ಕಾಲ ಇತಿಹಾಸವೆಂದೇ ಚಲಾವಣೆಯಲ್ಲಿತ್ತು. ಅಂಥ ಮಹಿಳೆ ಇದ್ದಳೆಂಬುದಕ್ಕೆ ಒಂದು ದಾಖಲೆಯೂ ಸಿಕ್ಕಿಲ್ಲ. ವಿತ್ತೋರೆ ಬ್ರಾಂಕಾ ಮೊದಲಾದ ಇಪ್ಪತ್ತನೆಯ ಶತಮಾನದ ವಿದ್ವಾಂಸರು ಅದನ್ನು ಸಾಹಿತ್ಯಿಕ ಕಲ್ಪನೆ ಎಂದು ಬಿಡಿಸಿ ತೋರಿಸಿದ ಮೇಲೂ ಪ್ರವಾಸಿ ಕೈಪಿಡಿಗಳಲ್ಲಿ ಮರಿಯಾ ದಕ್ವೀನೊ ಆರಾಮವಾಗಿ ಬದುಕಿದ್ದಾಳೆ.

ಫ್ಲಾರೆನ್ಸ್‌ಗೆ ಮರಳಿದ ಮೇಲೆ, 1343–44ರ ಸುಮಾರಿಗೆ, ಅವನು ‘ಎಲೆಜೀಯಾ ದಿ ಮದೊನ್ನಾ ಫಿಯಮ್ಮೆತ್ತಾ’ ಬರೆದ. ಇಲ್ಲಿ ಎಲ್ಲವೂ ತಿರುವುಮುರುವು. ತೊರೆದವಳು ಅವಳಲ್ಲ, ತಂದೆಯ ನೆಪ ಹೇಳಿ ಫ್ಲಾರೆನ್ಸ್‌ಗೆ ಹೋಗಿ ಮರಳದವನು ಅವಳ ಪ್ರಿಯಕರ ಪಾನ್‌ಫಿಲೊ. ನೇಪಲ್ಸ್‌ನಲ್ಲಿ ಉಳಿದ ವಿವಾಹಿತೆಯೇ ಉತ್ತಮ ಪುರುಷದಲ್ಲಿ ತನ್ನ ಯಾತನೆಯನ್ನು ಇಡೀ ಪುಸ್ತಕದುದ್ದಕ್ಕೂ ಹೇಳಿಕೊಳ್ಳುತ್ತಾಳೆ. ಘಟನೆಗಳು ಬಹಳ ಕಡಿಮೆ, ಮನಸ್ಸಿನ ಏರಿಳಿತವೇ ಎಲ್ಲ. ನನ್ನ ದೃಷ್ಟಿಯಲ್ಲಿ ಈ ಹೆಸರಿಗೆ ಜೀವ ತುಂಬಿದ್ದು ‘ದೆಕಾಮೆರೋನ್’ಗಿಂತ ಹೆಚ್ಚಾಗಿ ಈ ಪುಸ್ತಕವೇ.

ಹೊಳೆಸಾಲು

ಅನಂತ ಧನ್ಯವಾದಗಳು. ನೀವು ಹೇಳಿದ ಮುಸುಕಿನ ವಿಚಾರ ‘ದೆಕಾಮೆರೋನ್’ನಲ್ಲೂ ಮುಂದುವರಿಯುತ್ತದೆ. ಪೀಠಿಕೆಯಲ್ಲಿ ಆತ, ಈ ಏಳು ಮಂದಿಯ ನಿಜವಾದ ಹೆಸರುಗಳನ್ನು ಹೇಳಿದರೆ ಮುಂದೆ ಅವರಿಗೆ ಮುಜುಗರವಾದೀತೆಂದು, ಅವರವರ ಗುಣಕ್ಕೆ ಹೊಂದುವ ಹೆಸರುಗಳನ್ನು ತಾನೇ ಇಡುತ್ತಿರುವುದಾಗಿ ತಿಳಿಸುತ್ತಾನೆ. ಹತ್ತು ದಿನ ನಡೆಯುವ ಆ ಕಥಾಕೂಟಕ್ಕೆ ದಿನಕ್ಕೊಬ್ಬರು ರಾಜ ಅಥವಾ ರಾಣಿ. ಐದನೆಯ ದಿನದ ರಾಣಿಯಾಗಿ ಫಿಯಮ್ಮೆತ್ತಾ ಆರಿಸುವ ವಿಷಯ, ಕಷ್ಟಕೋಟಲೆಗಳ ನಂತರ ಸುಖ ಕಂಡ ಪ್ರೇಮಿಗಳದ್ದು. ‘ಎಲೆಜೀಯಾ’ದ ಅಳುವ ಫಿಯಮ್ಮೆತ್ತಾಳಿಗೂ ಈಕೆಗೂ ಹೆಸರೊಂದನ್ನು ಬಿಟ್ಟರೆ ಹೋಲಿಕೆ ಅಷ್ಟಕ್ಕಷ್ಟೇ.

ಕಥೆಯ ಹುಚ್ಚು

ವಿಷಯಾಂತರವೆನಿಸಿದರೆ ಕ್ಷಮಿಸಿ. ನಾಲ್ಕನೆಯ ದಿನದ ಕೊನೆಯಲ್ಲಿ ಫಿಯಮ್ಮೆತ್ತಾಳ ರೂಪವರ್ಣನೆ ಬರುತ್ತದೆ: ಬಿಳಿಯ ಹೆಗಲ ಮೇಲೆ ಇಳಿಬಿದ್ದ ಗುಂಗುರು ಹೊಂಗೂದಲು, ಲಿಲ್ಲಿ ಮತ್ತು ಗುಲಾಬಿ ಬೆರೆತ ಮುಖ, ಬೇಟೆಯ ಗಿಡುಗದಂಥ ಎರಡು ಕಣ್ಣುಗಳು. ಮರುದಿನ ಆಕೆಯೇ ಹೇಳುವ ಕಥೆ ಫೆದೆರೀಗೊ ಎಂಬವನು ಪ್ರೀತಿಸಿದವಳ ಊಟಕ್ಕಾಗಿ ತನ್ನ ಏಕೈಕ ಗಿಡುಗವನ್ನು ಕೊಂದು ಬಡಿಸಿದ ಪ್ರಸಂಗ. ಅನುವಾದಿಸುವಾಗ ಎರಡೂ ಕಡೆ ಒಂದೇ ಹಕ್ಕಿಯ ಹೆಸರನ್ನು ಬಳಸುವುದು ಒಳಿತು.

ನೇತ್ರಾವತಿಯ ದಡ

ಎರಡನೆಯ ಪ್ರಶ್ನೆಗೆ ನನ್ನದೊಂದು ವಿವರಣೆಯಿದೆ. ನಾವು ಮಂಗಳೂರಿನ ಕ್ಯಾಥೊಲಿಕ್ಕರು. ಮಗುವಿಗೆ ಹೆಸರಿಡುವಾಗ ಸಂತರ ಹೆಸರೇ ಆಗಬೇಕೆಂಬ ರೂಢಿ ನಮಗೆ ಹೊಸದಲ್ಲ, ಅದರ ಹಿಂದಿನ ನಿಯಮ ಇಟಲಿಗೂ ನಮಗೂ ಒಂದೇ.

ಟ್ರೆಂಟ್ ಧರ್ಮಸಭೆಯ (1545–1563) ನಂತರ, 1566ರಲ್ಲಿ ಹೊರಬಂದ ರೋಮನ್ ಧರ್ಮಬೋಧೆಯು ದೀಕ್ಷಾಸ್ನಾನದ ಹೆಸರನ್ನು ಸಂತರಿಂದಲೇ ಆಯ್ದುಕೊಳ್ಳಬೇಕೆಂದು ಬೋಧಿಸಿತು. 1614ರ ರೋಮನ್ ವಿಧಿಗ್ರಂಥವು ಒಂದು ಹೆಜ್ಜೆ ಮುಂದೆ ಹೋಗಿ, ಅಶ್ಲೀಲವಾದ, ಕಟ್ಟುಕಥೆಯ, ಹಾಸ್ಯಾಸ್ಪದವಾದ, ಅನ್ಯದೇವತೆಗಳ ಹೆಸರುಗಳು ಮಗುವಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನು ಪಾದ್ರಿಗೇ ವಹಿಸಿತು. ಫಿಯಮ್ಮೆತ್ತಾ ಎಂಬ ಸಂತಳಿಲ್ಲ. ಹೆಸರಿನ ಮೂಲ ಒಂದು ಕಥೆ. ಅದರಲ್ಲೂ ಕಥಾನಾಯಕಿ ಗಂಡನಿದ್ದೂ ಬೇರೊಬ್ಬನಿಗಾಗಿ ಕೊರಗುವವಳು. ಸಾಲದೆಂಬಂತೆ 1559ರ ನಿಷೇಧಿತ ಗ್ರಂಥಗಳ ಪಟ್ಟಿಯಲ್ಲಿ ‘ದೆಕಾಮೆರೋನ್’ ಸೇರಿತು. 1573ರಲ್ಲಿ ಕತ್ತರಿ ಆಡಿಸಿದ ಆವೃತ್ತಿ ಬಂದ ಮೇಲೆಯೇ ಅದನ್ನು ಮತ್ತೆ ಅಧಿಕೃತವಾಗಿ ಓದಲು ಸಾಧ್ಯವಾದದ್ದು. ಇಂಥ ಹೆಸರನ್ನು ಹಳ್ಳಿಯ ರೈತನೊಬ್ಬ ತನ್ನ ಮಗಳಿಗೆ ಬಯಸುವ ಸಂಭವವೇ ಕಡಿಮೆ, ಬಯಸಿದ್ದರೂ ಪಾದ್ರಿ ಒಪ್ಪುತ್ತಿರಲಿಲ್ಲ.

1917ರ ಧರ್ಮಸಂಹಿತೆಯಲ್ಲೂ ಇದರ ನೆರಳಿದೆ. ಹೆತ್ತವರು ಕ್ರೈಸ್ತ ಹೆಸರಿಗೆ ಒಪ್ಪದಿದ್ದರೆ ಪಾದ್ರಿಯು ಅವರ ಆಯ್ಕೆಯ ಜೊತೆಗೆ ಒಬ್ಬ ಸಂತರ ಹೆಸರನ್ನು ಸೇರಿಸಿ, ಎರಡನ್ನೂ ದೀಕ್ಷಾಸ್ನಾನದ ಪುಸ್ತಕದಲ್ಲಿ ಬರೆಯಬೇಕೆಂದು ಅದು ವಿಧಿಸಿತ್ತು. 1983ರ ಸಂಹಿತೆ ಇದನ್ನು ಸಡಿಲಿಸಿ, ಕ್ರೈಸ್ತ ಭಾವನೆಗೆ ಪರಕೀಯವಾದ ಹೆಸರು ಬೇಡ ಎಂದಷ್ಟೇ ಹೇಳುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಚರ್ಚಿನ ಹೆಸರೊಂದು, ಕರೆಯುವ ಹೆಸರೊಂದು ಇರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಇಟಲಿಯಲ್ಲೂ ಮರಿಯಾ ಎಂಬ ಹೆಸರಿನ ಬೆನ್ನಿಗೆ ಇನ್ನೊಂದನ್ನು ಕಟ್ಟುವ ಪದ್ಧತಿ ಹಾಗೆಯೇ ಬೆಳೆಯಿತು.

ತುಂಗೆಯ ತಿರುವು

ವಾದ ಆಕರ್ಷಕವಾಗಿದೆ, ಆದರೆ ನಾನು ಪೂರ್ತಿ ಒಪ್ಪಲಾರೆ. ದಾಂತೆಯ ಬೆಯಾತ್ರೀಚೆ, ಪೆತ್ರಾರ್ಕನ ಲೌರಾ, ಬೊಕ್ಕಾಚಿಯೊನ ಫಿಯಮ್ಮೆತ್ತಾ, ಮೂವರೂ ಸಾಹಿತ್ಯದಿಂದಲೇ ಪ್ರಸಿದ್ಧರಾದವರು. ಲೌರಾ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ತೀರ ಸಾಮಾನ್ಯ ಹೆಸರುಗಳಲ್ಲಿ ಒಂದಾಗಿತ್ತು, ಬೆಯಾತ್ರೀಚೆ ಇಂದಿಗೂ ಮುಂಚೂಣಿಯಲ್ಲಿದೆ. ಸಾಹಿತ್ಯದ ನಂಟು ಅವೆರಡಕ್ಕೆ ಮೆಟ್ಟಿಲಾಗಿ ಮೂರನೆಯದಕ್ಕೆ ಮಾತ್ರ ತೊಡಕಾಯಿತೆಂದರೆ ಹೇಗೆ?

ನೇತ್ರಾವತಿಯ ದಡ

ಬೆಯಾತ್ರೀಚೆ ದಾಂತೆಗಿಂತ ಮುಂಚಿನಿಂದಲೂ ನಿಜವಾದ ನಾಮಕರಣದ ಹೆಸರು. ರೋಮಿನ ಹುತಾತ್ಮೆಯೊಬ್ಬಳು ಜುಲೈ 29ರಂದು ಆ ಹೆಸರಿನಲ್ಲಿ ಸ್ಮರಿಸಲ್ಪಡುತ್ತಾಳೆ. ಲೌರಾಗೆ ಕಾರ್ಡೊಬಾದ ಸಂತ ಲೌರಾ ಇದ್ದಾಳೆ, ಅಕ್ಟೋಬರ್ 19 ಆಕೆಯ ದಿನ. ಕವಿಗಳು ಇದ್ದ ಹೆಸರುಗಳಿಗೆ ಹೊಳಪು ಕೊಟ್ಟರು. ಬೊಕ್ಕಾಚಿಯೊ ಇಲ್ಲದ ಹೆಸರನ್ನು ತಂದ.

ಇನ್ನೂ ಸ್ಪಷ್ಟವಾದ ಉದಾಹರಣೆ ‘ದೆಕಾಮೆರೋನ್’ನ ಒಳಗೇ ಇದೆ: ಫಿಲೊಮೇನಾ. ಅದೂ ಅಲ್ಲಿ ಒಂದು ಮುಸುಕಿನ ಹೆಸರೇ. ಆದರೆ 1802ರಲ್ಲಿ ರೋಮಿನ ಪ್ರಿಸ್ಕಿಲ್ಲಾ ನೆಲಗೋರಿಗಳಲ್ಲಿ ಸಿಕ್ಕ ಅಸ್ಥಿಗಳನ್ನು, ಜೊತೆಗಿದ್ದ ಹೆಂಚುಗಳ ಬರಹದ ಆಧಾರದ ಮೇಲೆ, ಫಿಲೊಮೇನಾ ಎಂಬ ಹುತಾತ್ಮೆಯವೆಂದು ತೀರ್ಮಾನಿಸಲಾಯಿತು. 1805ರಲ್ಲಿ ಅವು ನೇಪಲ್ಸ್ ಬಳಿಯ ಮುನ್ಯಾನೊ ದೆಲ್ ಕಾರ್ದಿನಾಲೆ ಎಂಬ ಊರಿಗೆ ಹೋದವು. ಅಲ್ಲಿಂದ ಹಬ್ಬಿದ ಭಕ್ತಿಯ ಬಲದಿಂದ ದಕ್ಷಿಣ ಇಟಲಿಯಲ್ಲಿ ಆ ಹೆಸರು ಮನೆಮನೆಗೂ ಬಂತು. 1961ರಲ್ಲಿ ವ್ಯಾಟಿಕನ್ ಆಕೆಯ ಹೆಸರನ್ನು ಪಂಚಾಂಗಗಳಿಂದ ತೆಗೆಯಿಸಿತು. ಅಷ್ಟರಲ್ಲಿ ಹೆಸರು ಬೇರೂರಿ ಆಗಿತ್ತು. ಇಬ್ಬರೂ ಒಂದೇ ತೋಟದಲ್ಲಿ ಕುಳಿತು ಕಥೆ ಹೇಳಿದವರು. ಒಬ್ಬಳಿಗೆ ಸಂತಳ ಆಸರೆ ದೊರೆಯಿತು, ಇನ್ನೊಬ್ಬಳಿಗೆ ದೊರೆಯಲಿಲ್ಲ.

ತುಂಗೆಯ ತಿರುವು

ಫಿಲೊಮೇನಾಳ ಉದಾಹರಣೆಗೆ ನನ್ನ ಬಳಿ ಉತ್ತರವಿಲ್ಲ, ಒಪ್ಪಿದೆ.

ಬೊಲೋನ್ಯಾದಿಂದ

ನಿಯಮಗಳಿದ್ದೂ ಹೆಸರು ಸಾಯಲಿಲ್ಲವಲ್ಲ, ಅದು ಹೇಗೆ ಉಳಿಯಿತೆಂಬುದೂ ಅಷ್ಟೇ ಮುಖ್ಯ. ಇದನ್ನು ಹೊತ್ತ ಪ್ರಸಿದ್ಧರನ್ನು ಗಮನಿಸಿದರೆ ಒಂದು ವಿಶೇಷ ಕಾಣುತ್ತದೆ.

ಫಿಯಮ್ಮೆತ್ತಾ ಮಿಕೇಲಿಸ್ (1465–1512) ಫ್ಲಾರೆನ್ಸ್‌ನಲ್ಲಿ ಹುಟ್ಟಿ, ರೋಮಿನಲ್ಲಿ ವೈಭವದಿಂದ ಬಾಳಿದ ಗಣಿಕೆ. ಕಾರ್ಡಿನಲ್ ಅಮ್ಮನ್ನಾತಿ ಪಿಕ್ಕೊಲೊಮೀನಿಯ ಆಶ್ರಯ ಪಡೆದವಳು, ಮುಂದೆ ಚೇಸರೆ ಬೋರ್ಜಿಯಾನ ಸಖಿಯೆಂದು ಹೆಸರಾದವಳು. ಅವಳ ಹೆಸರಿನ ಚೌಕ, ಪಿಯಾತ್ಸಾ ಫಿಯಮ್ಮೆತ್ತಾ, ರೋಮಿನ ನಡುವೆ ಇಂದಿಗೂ ಇದೆ. ಗಣಿಕೆಯೊಬ್ಬಳ ಹೆಸರನ್ನು ಚೌಕವೊಂದು ಐದು ಶತಮಾನ ಹೊತ್ತು ನಿಂತಿರುವುದು ಪೋಪರ ನಗರದಲ್ಲಿ ಸಣ್ಣ ಸಂಗತಿಯಲ್ಲ.

ಇದಕ್ಕೆ ನೇರ ವಿರುದ್ಧ ತುದಿಯಲ್ಲಿ ಫಿಯಮ್ಮೆತ್ತಾ ಫ್ರೆಸ್ಕೊಬಾಲ್ದಿ (1523–1586) ಇದ್ದಾಳೆ. ಫ್ಲಾರೆನ್ಸ್‌ನ ಸಾನ್ ಯಾಕೊಪೊ ದಿ ರೀಪೊಲಿ ಮಠದ ಡೊಮಿನಿಕನ್ ಸನ್ಯಾಸಿನಿ. ಹುಟ್ಟುಹೆಸರು ಬ್ರಿಜಿದಾ, ಮಠಕ್ಕೆ ಬಂದ ಮೇಲಿನ ಹೆಸರು ಫಿಯಮ್ಮೆತ್ತಾ. ಕಾಯಿಲೆಯಿಂದ ನಡೆದಾಡುವ ಶಕ್ತಿಯನ್ನು ಕಳೆದುಕೊಂಡ ಆಕೆ ಲ್ಯಾಟಿನ್ ಗ್ರಂಥಗಳನ್ನು ಅನುವಾದಿಸುತ್ತ, ಇತಿಹಾಸ ಮತ್ತು ಭೂಗೋಳದ ಬರಹಗಳನ್ನು ಸಹವಾಸಿನಿಯರಿಗಾಗಿ ಸಿದ್ಧಪಡಿಸುತ್ತ ಬದುಕಿದಳು. ಬ್ರಿಜಿದಾ ಎಂಬ ಸಂತಳ ಹೆಸರನ್ನು ಬಿಟ್ಟು ಸಂತಳಿಲ್ಲದ ಹೆಸರನ್ನು ಸನ್ಯಾಸಿನಿಯೊಬ್ಬಳು ಧರಿಸಿದ್ದು ವಿಚಿತ್ರವೇ ಸರಿ. ಧಾರ್ಮಿಕ ಸಾಹಿತ್ಯದಲ್ಲಿ ದೈವಪ್ರೇಮಕ್ಕೂ ಜ್ವಾಲೆಯೇ ಪ್ರತೀಕ ಎಂಬುದು ಇದಕ್ಕೆ ಕಾರಣವಿರಬಹುದೆಂದು ನನ್ನ ಊಹೆ. 1566ರ ಬೋಧೆ ಬರುವ ಹೊತ್ತಿಗೆ ಆಕೆ ನಡುವಯಸ್ಸು ದಾಟಿದ್ದಳು.

ನಕ್ಷತ್ರವೀಕ್ಷಕ

ಆ ಪಟ್ಟಿಗೆ ಇಂಗ್ಲೆಂಡಿನ ಒಬ್ಬರನ್ನು ಸೇರಿಸಲೇಬೇಕು. ಫಿಯಮ್ಮೆತ್ತಾ ವಿಲ್ಸನ್ (1864–1920) ಉಲ್ಕೆಗಳ ವೀಕ್ಷಣೆಗೆ ಬಾಳನ್ನೇ ಮುಡಿಪಾಗಿಟ್ಟವರು. ಹುಟ್ಟುಹೆಸರು ಹೆಲೆನ್ ಫ್ರಾನ್ಸಿಸ್ ವರ್ದಿಂಗ್‌ಟನ್. ಮೊದಲು ಸಂಗೀತಗಾರ್ತಿಯಾಗಿದ್ದಾಗ ಇಟಾಲಿಯನ್ ಹೆಸರನ್ನು ವೇದಿಕೆಗಾಗಿ ಇಟ್ಟುಕೊಂಡರು, ಅದೇ ಉಳಿಯಿತು. ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯು ಮಹಿಳೆಯರನ್ನು ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಆರಂಭಿಸಿದ 1916ರ ಜನವರಿಯಲ್ಲೇ ಆಯ್ಕೆಯಾದವರಲ್ಲಿ ಅವರೂ ಒಬ್ಬರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಅಸ್ಟ್ರನಾಮಿಕಲ್ ಅಸೋಸಿಯೇಷನ್‌ನ ಉಲ್ಕಾವಿಭಾಗವನ್ನು ಗ್ರೇಸ್ ಕುಕ್ ಎಂಬವರೊಡನೆ ನಡೆಸಿದರು. 1920ರಲ್ಲಿ ಹಾರ್ವರ್ಡ್‌ನ ಫೆಲೋಶಿಪ್ ಒಂದು ಅವರಿಗೆ ಸಂದಿತು. ಆ ಸುದ್ದಿ ತಲುಪುವ ಮೊದಲೇ ತೀರಿಕೊಂಡರು. ಉರಿದುಹೋಗುವ ಕಲ್ಲುಗಳನ್ನು ಎಣಿಸಿದವರಿಗೆ ಈ ಹೆಸರು ಒಪ್ಪಿತೆಂದು ಹೇಳುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಅವರು ಅದನ್ನು ಆರಿಸಿಕೊಂಡದ್ದು ಸಂಗೀತಕ್ಕಾಗಿ.

ಬೊಲೋನ್ಯಾದಿಂದ

ನಾನು ಹೇಳಬೇಕೆಂದಿದ್ದುದಕ್ಕೆ ಇದು ಮತ್ತಷ್ಟು ಬಲ ಕೊಡುತ್ತದೆ. ಬ್ರಿಜಿದಾ ಆಗಲಿ, ಹೆಲೆನ್ ಆಗಲಿ ತೊಟ್ಟಿಲಲ್ಲಿ ಫಿಯಮ್ಮೆತ್ತಾ ಆಗಿರಲಿಲ್ಲ. ಬೊಕ್ಕಾಚಿಯೊನ ನಾಯಕಿಯಂತೆ ಇನ್ನೊಂದು ಹೆಸರಿನ ಮೇಲೆ ಇದನ್ನು ಧರಿಸಿದವರು. ಹೆತ್ತವರು ಇಡುವುದಕ್ಕಿಂತ ಬೆಳೆದವರು ಆಯ್ದುಕೊಳ್ಳುವ ಹೆಸರಾಗಿ ಇದು ಬಹುಕಾಲ ಉಳಿಯಿತೆಂದು ತೋರುತ್ತದೆ. ಹಾಗೆ ಉಳಿಯುವ ಹೆಸರು ಅಳಿಯದಿದ್ದರೂ ಹರಡುವುದಿಲ್ಲ, ಏಕೆಂದರೆ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಇಟಲಿಯ ಪದ್ಧತಿಯೊಳಗೆ ಅದು ಪ್ರವೇಶಿಸಲೇ ಇಲ್ಲ.

ಮಲೆನಾಡಿನ ಮಿಲಾನೊ

ಇಂದಿನ ಸ್ಥಿತಿಯ ಬಗ್ಗೆ ಯಾರೂ ಬರೆದಿಲ್ಲ. ಇಟಲಿಯ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯಾದ ‘ಇಸ್ತಾತ್’ ಪ್ರತಿ ವರ್ಷ ನವಜಾತ ಶಿಶುಗಳ ಹೆಸರುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. 2022 ಮತ್ತು 2023ರಲ್ಲಿ ಹೆಣ್ಣುಮಕ್ಕಳ ಹೆಸರುಗಳಲ್ಲಿ ಸೋಫಿಯಾ, ಔರೋರಾ, ಜೂಲಿಯಾ ಮುಂದಿದ್ದವು. ಫಿಯಮ್ಮೆತ್ತಾ ಆ ಮುಂಚೂಣಿಯ ಪಟ್ಟಿಯ ಹತ್ತಿರಕ್ಕೂ ಸುಳಿಯುವುದಿಲ್ಲ. 2023ರಲ್ಲಿ ಇಡೀ ದೇಶದಲ್ಲಿ ಹುಟ್ಟಿದ ಮಕ್ಕಳೇ ಸುಮಾರು 3.8 ಲಕ್ಷ ಎಂಬುದನ್ನು ನೆನೆದರೆ, ವಿರಳವಾದ ಹೆಸರು ಇನ್ನಷ್ಟು ವಿರಳವಾಗುವುದು ಸಹಜ.

ಆದರೆ ಸಂತರ ವಿವರಣೆ ಇಂದಿನ ಕಾಲಕ್ಕೆ ಸಾಲದು. ಇತ್ತೀಚಿನ ವರ್ಷಗಳಲ್ಲಿ ಮೊದಲ ಹತ್ತರೊಳಗೆ ಬಂದಿರುವ ಜಿನೇವ್ರಾ ಕೂಡ ಕಥೆಯಿಂದ ಬಂದ ಹೆಸರೇ. ಆರ್ಥರ್ ದೊರೆಯ ರಾಣಿಯದು, ಅವಳೂ ಗಂಡನಿಗೆ ನಿಷ್ಠಳಲ್ಲ. ಇಂದಿನ ತಾಯ್ತಂದೆಯರು ಪಾದ್ರಿಯ ಒಪ್ಪಿಗೆಗೆ ಕಾಯುವುದಿಲ್ಲ. ಹಾಗಿದ್ದರೆ ಜಿನೇವ್ರಾ ಮೇಲೇರಿದಾಗ ಫಿಯಮ್ಮೆತ್ತಾ ಏಕೆ ಏರಲಿಲ್ಲ? ನನ್ನ ಅಭಿಪ್ರಾಯದಲ್ಲಿ ಅಡ್ಡಿಯಾದದ್ದು ಆ ‘ಎತ್ತಾ’ ಎಂಬ ಬಾಲ. ಅಂತೊನಿಯೆತ್ತಾ, ನಿಕೊಲೆತ್ತಾ, ಸಿಮೊನೆತ್ತಾ, ಜೂಲಿಯೆತ್ತಾ ಮೊದಲಾದವು ಯುದ್ಧೋತ್ತರ ಪೀಳಿಗೆಯ ಹೆಸರುಗಳು. ಇಂದಿನ ಕಿವಿಗೆ ಅವು ಚಿಕ್ಕಮ್ಮ ದೊಡ್ಡಮ್ಮಂದಿರ ಹೆಸರುಗಳಾಗಿ ಕೇಳಿಸುತ್ತವೆ. ಜೂಲಿಯೆತ್ತಾ ಹಿಂದೆ ಸರಿದು ಜೂಲಿಯಾ ಮುಂದೆ ಬಂದಿರುವುದನ್ನು ಗಮನಿಸಿ. ಪ್ರತ್ಯಯವನ್ನು ಕಳಚಿದರೆ ಉಳಿಯುವುದು ‘ಫಿಯಮ್ಮಾ’. ಅದೂ ಹೆಸರಾಗಿ ಇದೆ, ಆದರೆ ಇಟಲಿಯಲ್ಲಿ ಜ್ವಾಲೆ 1946ರಿಂದಲೂ ನವಫ್ಯಾಸಿಸ್ಟ್ ಮೂಲದ ಒಂದು ರಾಜಕೀಯ ಧಾರೆಯ ಲಾಂಛನವಾಗಿರುವುದರಿಂದ ಹಲವರು ಹಿಂಜರಿದಾರು.

ಇಂದಿನ ಇಟಾಲಿಯನ್ನರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವವರಲ್ಲಿ ಫಿಯಮ್ಮೆತ್ತಾ ಬೋರ್ಸೆಲ್ಲೀನೊ ಒಬ್ಬರು. 1992ರ ಜುಲೈ 19ರಂದು ಪಲೆರ್ಮೊದ ವೀಯಾ ದಮೇಲಿಯೊದಲ್ಲಿ ಮಾಫಿಯಾದ ಬಾಂಬಿಗೆ ಬಲಿಯಾದ ನ್ಯಾಯಾಧಿಕಾರಿ ಪಾವೊಲೊ ಬೋರ್ಸೆಲ್ಲೀನೊ ಅವರ ಮಗಳು. ಆ ಹತ್ಯೆಯ ತನಿಖೆ ದಾರಿ ತಪ್ಪಿದ್ದರ ಬಗ್ಗೆ ಸತ್ಯ ಹೊರಬರಬೇಕೆಂದು ಬಹಿರಂಗವಾಗಿ ಒತ್ತಾಯಿಸುತ್ತ ಬಂದವರು. ಇದು ಟಸ್ಕನಿಯ ಉಳ್ಳವರ ಮನೆಗಳಿಗಷ್ಟೇ ಸೀಮಿತವಾದ ಹೆಸರೆಂದು ಭಾವಿಸುವವರು ಸಿಸಿಲಿಯ ಈ ಮನೆಯನ್ನೂ ಗಮನಿಸಬೇಕು.

ಕಥೆಯ ಹುಚ್ಚು

ಇಟಲಿಯಲ್ಲಿ ಹುಟ್ಟುಹಬ್ಬದ ಜೊತೆಗೆ ಹೆಸರುಹಬ್ಬವನ್ನೂ ಆಚರಿಸುತ್ತಾರಲ್ಲವೇ? ಸಂತಳೇ ಇಲ್ಲದಿದ್ದರೆ ಫಿಯಮ್ಮೆತ್ತಾ ಎಂಬವರು ಯಾವ ದಿನ ಆಚರಿಸಬೇಕು?

ನೇತ್ರಾವತಿಯ ದಡ

ನವೆಂಬರ್ 1, ಸಕಲ ಸಂತರ ಹಬ್ಬದಂದು. ಸಂತರಿಲ್ಲದ ಹೆಸರಿನವರಿಗೆಲ್ಲ ಅದೇ ದಿನ.

ಹೊಳೆಸಾಲು

ಎಲ್ಲರಿಗೂ ಕೃತಜ್ಞತೆಗಳು. ಬರೆಯುವ ಕ್ರಮದ ಪ್ರಶ್ನೆಯೊಂದು ಉಳಿದಿದೆ. ಇಂಗ್ಲಿಷ್ ಮೂಲಕ ಬಂದವರು ‘ಫಿಯಾಮೆಟ್ಟಾ’ ಎಂದು ಬರೆಯುವುದನ್ನು ಕಂಡಿದ್ದೇನೆ.

ವ್ಯಾಕರಣಪ್ರಿಯ

‘ಫಿಯಾಮೆಟ್ಟಾ’ದಲ್ಲಿ ಎರಡು ದೋಷಗಳಿವೆ. ಇಟಾಲಿಯನ್‌ನ ತಕಾರ ದಂತ್ಯ, ಆದ್ದರಿಂದ ‘ಟ್ಟ’ ಬೇಡ, ‘ತ್ತ’ ಬೇಕು. ಮಕಾರ ಅಲ್ಲಿ ದ್ವಿತ್ವ; ಆ ಭಾಷೆಯಲ್ಲಿ ದ್ವಿತ್ವಕ್ಕೆ ಅರ್ಥವನ್ನೇ ಬದಲಿಸುವ ಶಕ್ತಿಯಿದೆ, ‘ಪಾಲಾ’ ಎಂದರೆ ಸಲಿಕೆ, ‘ಪಲ್ಲಾ’ ಎಂದರೆ ಚೆಂಡು. ಇಂಗ್ಲಿಷ್ ಓದುಗರಿಗೆ ಈ ಭೇದವನ್ನು ಕಿವಿಗೆ ತಲುಪಿಸುವುದು ಕಷ್ಟ, ನಮ್ಮ ಒತ್ತಕ್ಷರಗಳಿಗೆ ಅದು ಸಲೀಸು. ಒತ್ತು ಬೀಳುವುದು ನಡುವಿನ ‘ಮ್ಮೆ’ ಮೇಲೆ. ಇಟಾಲಿಯನ್ನರು ಮೊದಲ ಎರಡು ಸ್ವರಗಳನ್ನು ಕೂಡಿಸಿ ಮೂರೇ ಉಚ್ಚಾರಾಂಶಗಳಲ್ಲಿ ಹೇಳುವುದರಿಂದ ‘ಫ್ಯಮ್ಮೆತ್ತಾ’ ಎಂಬುದು ನಾದಕ್ಕೆ ಹೆಚ್ಚು ಹತ್ತಿರ, ಆದರೆ ಪುಟದ ಮೇಲೆ ಅದು ಕಣ್ಣಿಗೆ ತೊಡಕಾಗುತ್ತದೆ. ನೀವು ಬಳಸಿರುವ ‘ಫಿಯಮ್ಮೆತ್ತಾ’ವನ್ನೇ ಉಳಿಸಿಕೊಂಡು, ಲೌರೆತ್ತಾಳಿಗೂ ಅದೇ ತಕಾರವನ್ನು ಕೊಡಿ, ಪೀಠಿಕೆಯಲ್ಲಿ ಉಚ್ಚಾರಣೆಯ ಬಗ್ಗೆ ಒಂದು ಸಾಲು ಬರೆದರೆ ಸಾಕು.